ಕುಂದಾಪುರ ಸೀಮೆಯ ಶೇಂದಿ

ಶೇಂದಿ ಅಥವಾ ಕಳ್ಳು ಎಂಬುದು ತೆಂಗು, ತಾಳೆ, ಬೈನೆ ಮೊದಲಾದ ತಾಳೆ ಕುಟುಂಬದ ಮರಗಳಿಂದ ಇಳಿಸಿದ ಸಿಹಿರಸವು ತಾನಾಗಿಯೇ ಹುದುಗಿ ಸಿದ್ಧವಾಗುವ, ಕಡಿಮೆ ಮದ್ಯಸಾರವುಳ್ಳ ಪಾನೀಯ. ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳಲ್ಲಿ ಇದನ್ನು ಮುಖ್ಯವಾಗಿ ತೆಂಗು ಮತ್ತು ತಾಳೆ ಮರಗಳಿಂದ ಪಡೆಯಲಾಗುತ್ತದೆ. ಬಿಯರ್ ತಯಾರಿಕೆಯಲ್ಲಿರುವಂತೆ ಧಾನ್ಯವನ್ನು ಮೊಳೆಯಿಸುವ, ಕುದಿಸುವ, ಯೀಸ್ಟ್ ಬೆರೆಸುವ ಹಂತಗಳು ಇದರಲ್ಲಿಲ್ಲ. ಮರದ ಮೇಲಿನ ಮಡಕೆಗೆ ಬಿದ್ದ ಗಳಿಗೆಯಿಂದಲೇ ರಸ ಬದಲಾಗತೊಡಗುತ್ತದೆ. ಒಂದೆರಡು ದಿನಗಳೊಳಗೆ ಅದು ನೀರಾ, ಶೇಂದಿ, ಹುಳಿ ಎಂಬ ಮೂರು ಸ್ಥಿತಿಗಳನ್ನು ದಾಟುತ್ತದೆ. ಶೇಂದಿಯ ರುಚಿ, ಬೆಲೆ, ಅಡುಗೆಯ ಬಳಕೆ, ಅದಕ್ಕೆ ಅನ್ವಯಿಸುವ ಕಾನೂನು ಎಲ್ಲವೂ ಈ ಗಂಟೆಗಳ ಲೆಕ್ಕವನ್ನೇ ಅವಲಂಬಿಸಿವೆ.

ಹೆಸರುಗಳು

'ಕಳ್ಳು' ದ್ರಾವಿಡ ಮೂಲದ ಪದ. ತಮಿಳು, ಮಲಯಾಳಗಳಲ್ಲಿಯೂ ಇದೇ ರೂಪವಿದೆ. ತುಳುವಿನಲ್ಲಿ 'ಕಲಿ' ಎನ್ನುತ್ತಾರೆ. ಕುಂದಗನ್ನಡದಲ್ಲಿ ಪದದ ಕೊನೆಯ ಸ್ವರ ಬಿದ್ದು 'ಕಳ್ಳ್' ಎಂದು ಕೇಳಿಸುತ್ತದೆ. 'ಶೇಂದಿ' ಎಂಬುದು ಸರಕಾರಿ ಕಾಗದಪತ್ರ, ಅಂಗಡಿಯ ಫಲಕ ಮತ್ತು ಪತ್ರಿಕೆಗಳ ಮಾತು. ಮರಾಠಿಯಲ್ಲಿ ಈಚಲ ಮರಕ್ಕೂ ಅದರ ರಸಕ್ಕೂ ಇರುವ 'ಶಿಂದಿ' ಎಂಬ ಹೆಸರಿಗೆ ಇದು ಹತ್ತಿರದ್ದು. ಇಂಗ್ಲಿಷಿನ 'ಟಾಡಿ' ಕೂಡ ಭಾರತದ್ದೇ: ತಾಳೆ ಮರದ ರಸಕ್ಕೆ ಹಿಂದಿಯಲ್ಲಿರುವ 'ತಾಡಿ' ಎಂಬ ಪದದಿಂದ ಬಂದುದು. ಕರಾವಳಿಯ ಕೊಂಕಣಿಯಲ್ಲಿ 'ಸುರ್' ಎಂಬ ಹೆಸರಿದೆ.

ಹಳೆ ಮೈಸೂರು ಸೀಮೆಯ 'ಹೆಂಡ' ಸಾಮಾನ್ಯವಾಗಿ ಈಚಲ ಮರದ್ದು. ಜಿ. ಪಿ. ರಾಜರತ್ನಂ ಅವರ 'ರತ್ನನ ಪದಗಳು' ಮೂಲಕ ಕನ್ನಡ ಓದುಗರಿಗೆ ಪರಿಚಿತವಾದ 'ಯೆಂಡ'ವನ್ನು ಕರಾವಳಿಯ ತೆಂಗಿನ ಕಳ್ಳಿನೊಂದಿಗೆ ಒಂದೇ ಎಂದು ತಿಳಿಯಬಾರದು. ಮರ ಬೇರೆ, ರುಚಿ ಬೇರೆ, ಅವುಗಳ ಕಾನೂನಿನ ಚರಿತ್ರೆಯೂ ಬೇರೆ.

ರಸ ಇಳಿಸುವ ಕಸುಬಿಗೆ ಇಲ್ಲಿ 'ಮೂರ್ತೆ' ಎಂದೂ ಆ ಕಸುಬಿನವರಿಗೆ 'ಮೂರ್ತೆದಾರರು' ಎಂದೂ ಹೆಸರು. ಮಾರುವ ಅಂಗಡಿ 'ಗಡಂಗು'.

ನೆಲ ಮತ್ತು ಮರಗಳು

ದಕ್ಷಿಣದಲ್ಲಿ ಬ್ರಹ್ಮಾವರದಿಂದ ಉತ್ತರದಲ್ಲಿ ಶಿರೂರಿನವರೆಗಿನ ಈ ಪಟ್ಟಿಯಲ್ಲಿ ಸೀತಾ, ವಾರಾಹಿ, ಚಕ್ರಾ, ಸೌಪರ್ಣಿಕಾ ಮೊದಲಾದ ನದಿಗಳು ಘಟ್ಟದಿಂದಿಳಿದು ಸಮುದ್ರ ಸೇರುತ್ತವೆ. ಕುಂದಾಪುರ ಮತ್ತು ಗಂಗೊಳ್ಳಿಯ ನಡುವೆ ಪಂಚಗಂಗಾವಳಿಯ ಅಳಿವೆ ಇದೆ. ನದಿಗಳ ಕೊನೆಯ ಭಾಗದ ಕುದ್ರುಗಳಲ್ಲೂ ಕಡಲ ದಂಡೆಯ ಮರಳು ನೆಲದಲ್ಲೂ ತೆಂಗು ಹುಲುಸಾಗಿ ಬೆಳೆಯುತ್ತದೆ. ತಾಳೆ ಮರಕ್ಕೆ ಅಷ್ಟು ನೀರು ಬೇಡ. ಅದು ಗದ್ದೆಯ ಅಂಚಿನಲ್ಲಿ, ಮುರಕಲ್ಲಿನ ಬೋಳು ದಿಬ್ಬದಲ್ಲಿ ನೆಟ್ಟಗೆ ನಿಂತಿರುತ್ತದೆ. ಘಟ್ಟದ ಬುಡದ ಕಾಡುಗಳಲ್ಲಿ ಬೈನೆ ಮರವಿದೆ. ಬೈನೆಯ ಕಳ್ಳು ಕರಾವಳಿಯ ಗಡಂಗುಗಳಿಗಿಂತ ಘಟ್ಟದ ಸೆರಗಿನ ಹಳ್ಳಿಗಳಲ್ಲಿ ಹೆಚ್ಚು ಪರಿಚಿತ.

ಬೈಂದೂರು ಮತ್ತು ಬ್ರಹ್ಮಾವರಗಳು ಪ್ರತ್ಯೇಕ ತಾಲೂಕುಗಳಾದದ್ದು 2018ರಲ್ಲಿ. ಹಳೆಯ ಬರವಣಿಗೆಗಳಲ್ಲಿ ಈ ಊರುಗಳ ವಿವರ ಕುಂದಾಪುರ ಮತ್ತು ಉಡುಪಿ ತಾಲೂಕುಗಳ ಅಡಿಯಲ್ಲಿ ಸಿಗುತ್ತದೆ.

ಮೂರ್ತೆಯ ವಿಧಾನ

ತೆಂಗಿನಲ್ಲಿ ರಸ ಸಿಗುವುದು ಇನ್ನೂ ಅರಳದ ಹೊಂಬಾಳೆಯಿಂದ. ಕವಚ ಒಡೆದು ಹೂ ಹೊರಬಂದರೆ ಅದು ಮೂರ್ತೆಗೆ ಬಾರದು. ತೀರ ಎಳೆಯದಾದರೂ ರಸ ಬಾರದು. ಒಡೆಯಲು ಕೆಲವು ವಾರಗಳಿರುವಾಗ, ಬುಡ ತುಸು ಉಬ್ಬಿರುವ ಹೊಂಬಾಳೆಯನ್ನು ಮೂರ್ತೆದಾರ ಆರಿಸುತ್ತಾನೆ. ಅದು ಬಿರಿಯದಂತೆ ಹಗ್ಗದಿಂದಲೋ ಎಳೆಯ ಗರಿಯ ಸೀಳಿನಿಂದಲೋ ಉದ್ದಕ್ಕೂ ಬಿಗಿಯಾಗಿ ಸುತ್ತುತ್ತಾನೆ. ಅನಂತರ ದಿನವೂ ಮರದ ಸಣ್ಣ ಕೊಡತಿಯಿಂದ ಅಥವಾ ಎಲುಬಿನ ತುಂಡಿನಿಂದ ಬುಡದಿಂದ ತುದಿಯವರೆಗೆ ಹಗುರವಾಗಿ ತಟ್ಟುತ್ತಾನೆ. ಕಸುಬಿನ ಅತ್ಯಂತ ಸೂಕ್ಷ್ಮ ಭಾಗ ಇದೇ. ಪೆಟ್ಟು ಜೋರಾದರೆ ಒಳಗಿನ ಹೂಗಳು ಜಜ್ಜಿ ಕೊಳೆಯುತ್ತವೆ. ಕಡಿಮೆಯಾದರೆ ರಸ ಇಳಿಯುವುದಿಲ್ಲ. ಸರಿಯಾದ ತಟ್ಟುವಿಕೆ ಒಳಗಿನ ಅಂಗಾಂಶವನ್ನು ಸಡಿಲಗೊಳಿಸಿ, ಕಾಯಿ ಕಟ್ಟಲು ಮರ ಕಳುಹಿಸುವ ಸಕ್ಕರೆಯ ರಸವನ್ನು ತುದಿಯ ಕಡೆಗೆ ತಿರುಗಿಸುತ್ತದೆ.

ಒಂದೆರಡು ವಾರಗಳ ತಟ್ಟುವಿಕೆಯ ಬಳಿಕ ತುದಿಯನ್ನು ಹರಿತವಾದ ಕತ್ತಿಯಿಂದ ಕೊಯ್ದು, ಹೊಂಬಾಳೆಯನ್ನು ಸ್ವಲ್ಪಸ್ವಲ್ಪವೇ ಕೆಳಕ್ಕೆ ಬಾಗಿಸಲಾಗುತ್ತದೆ. ಕೊಯ್ದ ಬಾಯಿಗೆ ಸೊಪ್ಪಿನ ಲೋಳೆಯನ್ನೋ ಜೇಡಿಮಣ್ಣನ್ನೋ ಹಚ್ಚುವ ರೂಢಿಯಿದೆ. ರಸ ತೊಟ್ಟಿಕ್ಕತೊಡಗಿದ ಮೇಲೆ ಅದಕ್ಕೆ ಮಡಕೆ ಕಟ್ಟುತ್ತಾರೆ. ಹಿಂದೆ ಒಣಗಿಸಿದ ಸೋರೆ ಬುರುಡೆಯನ್ನೂ ಮಣ್ಣಿನ ಮಡಕೆಯನ್ನೂ ಬಳಸುತ್ತಿದ್ದರು. ಈಗ ಪ್ಲಾಸ್ಟಿಕ್ ಪಾತ್ರೆಗಳು ಸಾಮಾನ್ಯ. ಬೆಳಿಗ್ಗೆ ಮತ್ತು ಸಂಜೆ, ಕೆಲವರು ಮಧ್ಯಾಹ್ನವೂ, ಮರವೇರಿ ತುದಿಯನ್ನು ಕಾಗದದಷ್ಟು ತೆಳುವಾಗಿ ಮತ್ತೆ ಕೊಯ್ಯಬೇಕು. ಕೊಯ್ಯದೆ ಬಿಟ್ಟರೆ ರಸನಾಳಗಳ ಬಾಯಿ ಮುಚ್ಚಿಕೊಳ್ಳುತ್ತದೆ. ಹೀಗೆ ಕೊಯ್ಯುತ್ತ ಕೊಯ್ಯುತ್ತ ಹೊಂಬಾಳೆ ಮೋಟಾಗುವವರೆಗೆ, ಅಂದರೆ ಒಂದು ತಿಂಗಳಿಗೂ ಮೀರಿ, ರಸ ಸಿಗುತ್ತದೆ. ಅಷ್ಟರಲ್ಲಿ ಮುಂದಿನ ಹೊಂಬಾಳೆ ಸಿದ್ಧವಾಗಿರುತ್ತದೆ. ಚೆನ್ನಾಗಿ ಸಾಕಿದ ಮರದಿಂದ ದಿನಕ್ಕೆ ಒಂದರಿಂದ ಎರಡು ಲೀಟರ್ ರಸ ನಿರೀಕ್ಷಿಸಬಹುದು. ತಳಿ, ಗೊಬ್ಬರ, ನೀರು ಮತ್ತು ಕೈಗುಣದ ಮೇಲೆ ಇದು ಬಹಳ ಏರಿಳಿಯುತ್ತದೆ. ಮೂರ್ತೆಗೆ ಕೊಟ್ಟ ಹೊಂಬಾಳೆಯಿಂದ ಕಾಯಿ ಸಿಗದು. ಆದ್ದರಿಂದ ತೋಟದ ಮಾಲೀಕನಿಗೆ ಇದು ಕಾಯಿಯ ಬೆಲೆ ಮತ್ತು ರಸದ ಬೆಲೆಗಳ ನಡುವಿನ ಲೆಕ್ಕಾಚಾರವೂ ಆಗುತ್ತದೆ.

ತಾಳೆಯಲ್ಲಿ ಗಂಡು ಮತ್ತು ಹೆಣ್ಣು ಮರಗಳು ಬೇರೆಬೇರೆ. ಎರಡರಿಂದಲೂ ರಸ ಇಳಿಸಬಹುದು. ಗಂಡು ಮರದ ಬೆರಳಿನಂತಹ ಹೂಗೊಂಚಲುಗಳನ್ನು ಕಟ್ಟಿಗೆಯ ಇಕ್ಕುಳದಲ್ಲಿ ಒತ್ತಿ ಹದಗೊಳಿಸುತ್ತಾರೆ. ತಾಳೆಗೆ ಬೇಸಿಗೆಯೇ ಮುಖ್ಯ ಕಾಲ. ತೆಂಗಿನಲ್ಲಿ ಹೊಂಬಾಳೆ ವರ್ಷವಿಡೀ ಬರುತ್ತದಾದರೂ, ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಈ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಸುಬು ಕುಂಟುತ್ತದೆ. ಮಡಕೆಗೆ ಮಳೆನೀರು ಬೀಳುತ್ತದೆ. ಪಾಚಿ ಹಿಡಿದ ಕಾಂಡ ಏರುವವನ ಜೀವಕ್ಕೇ ಅಪಾಯ.

ಹುದುಗುವಿಕೆ

ಮರದಿಂದ ಆಗಷ್ಟೇ ಇಳಿದ ರಸ ಬಹುತೇಕ ತಟಸ್ಥವಾಗಿರುತ್ತದೆ, ಹುಳಿಯೂ ಇಲ್ಲ, ಮದ್ಯಸಾರವೂ ಇಲ್ಲ. ಅದರಲ್ಲಿ ನೂರಕ್ಕೆ ಸುಮಾರು 12ರಿಂದ 15 ಭಾಗ ಸಕ್ಕರೆ ಇರುತ್ತದೆ. ಅದರ ಹೆಚ್ಚಿನ ಪಾಲು ನಾವು ಚಹಾಕ್ಕೆ ಹಾಕುವ ಸುಕ್ರೋಸ್. ಜೊತೆಗೆ ಅಮೈನೋ ಆಮ್ಲಗಳು, ಪೊಟ್ಯಾಸಿಯಂ ಮೊದಲಾದ ಖನಿಜಗಳು, ಸ್ವಲ್ಪ ಸಿ ಜೀವಸತ್ವ. ಸೂಕ್ಷ್ಮಜೀವಿಗಳಿಗೆ ಇದಕ್ಕಿಂತ ಒಳ್ಳೆಯ ಊಟ ಸಿಗುವುದು ಕಷ್ಟ. ಅವು ಗಾಳಿಯಲ್ಲಿ, ಹೂವಿನ ಮೇಲೆ, ಹುಳುಗಳ ಕಾಲಿನಲ್ಲಿ ಇರುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ ನಿನ್ನೆ ಬಳಸಿದ ಮಡಕೆಯ ಒಳಮೈಯಲ್ಲಿ ಇರುತ್ತವೆ. ಹೆಪ್ಪು ಹಾಕದೆಯೇ ಮಡಕೆ ಹೆಪ್ಪಿನ ಕೆಲಸ ಮಾಡುತ್ತದೆ.

ಮೊದಲು ಚುರುಕಾಗುವವು ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು. ಇವು ರಸವನ್ನು ತುಸು ಹುಳಿಯಾಗಿಸುತ್ತವೆ. ಇವುಗಳಲ್ಲಿ ಲ್ಯೂಕೊನಾಸ್ಟಾಕ್ ಜಾತಿಯವು ಸಕ್ಕರೆಯಿಂದ ಲೋಳೆಯಂತಹ ವಸ್ತುವನ್ನೂ ಉಂಟುಮಾಡಿ ರಸಕ್ಕೆ ಮಂದತೆ ಕೊಡುತ್ತವೆ. ಜೊತೆಜೊತೆಗೇ ಸ್ಯಾಕರೊಮೈಸಿಸ್ ಸೆರೆವಿಸಿಯೆ ಎಂಬ ಯೀಸ್ಟ್ ಸುಕ್ರೋಸನ್ನು ಒಡೆದು, ಅದನ್ನು ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಮಾರ್ಪಡಿಸುತ್ತದೆ. ಜೈಮೊಮೊನಾಸ್ ಮೊಬಿಲಿಸ್ ಎಂಬ ಬ್ಯಾಕ್ಟೀರಿಯಾ ಕೂಡ ಇದೇ ಕೆಲಸ ಮಾಡುತ್ತದೆ. ಬಿಯರ್ ತಯಾರಕರಿಗೆ ಪೀಡೆಯಾದ ಈ ಜೀವಿ ಶೇಂದಿಯಲ್ಲಿ ಸಹಜ ನಿವಾಸಿ. ನೊರೆ ಉಕ್ಕುವುದು, ಪಾರದರ್ಶಕವಾಗಿದ್ದ ರಸ ಹಾಲಿನಂತೆ ಬೆಳ್ಳಗಾಗುವುದು ಈ ಹಂತದಲ್ಲಿ. ಆ ಬಿಳುಪು ಬಣ್ಣವಲ್ಲ, ರಸದಲ್ಲಿ ತೇಲುತ್ತಿರುವ ಕೋಟ್ಯಂತರ ಜೀವಕೋಶಗಳ ಗುಂಪು.

ಗ್ಲೂಕೋಸ್ ಪೂರ್ತಿಯಾಗಿ ಹುದುಗಿದರೆ ಪ್ರತಿ 100 ಗ್ರಾಂಗೆ ಹೆಚ್ಚೆಂದರೆ 51 ಗ್ರಾಂ ಮದ್ಯಸಾರ ಸಿಗಬಹುದು. ಈ ಲೆಕ್ಕದಲ್ಲಿ 12 ಭಾಗ ಸಕ್ಕರೆಯ ರಸದಿಂದ ಗಾತ್ರದಲ್ಲಿ ಶೇಕಡ 8ರ ಆಸುಪಾಸಿನ ಮದ್ಯಸಾರ ಬರಬೇಕು. ವಾಸ್ತವದಲ್ಲಿ ಕುಡಿಯುವ ಹೊತ್ತಿನ ಶೇಂದಿಯಲ್ಲಿ ಸಾಮಾನ್ಯವಾಗಿ ಶೇಕಡ 4ರಿಂದ 6ರಷ್ಟಿರುತ್ತದೆ. ಉಳಿದ ಸಕ್ಕರೆಯಲ್ಲಿ ಒಂದಷ್ಟು ಇನ್ನೂ ಸಕ್ಕರೆಯಾಗಿಯೇ ಇರುತ್ತದೆ, ಒಂದಷ್ಟು ಆಮ್ಲವಾಗಿರುತ್ತದೆ.

ಒಂದು ದಿನ ಕಳೆದ ಮೇಲೆ ಅಸಿಟೋಬ್ಯಾಕ್ಟರ್ ಗುಂಪಿನ ಬ್ಯಾಕ್ಟೀರಿಯಾಗಳದ್ದೇ ಮೇಲುಗೈ. ಇವು ಗಾಳಿಯ ಆಮ್ಲಜನಕದ ನೆರವಿನಿಂದ ಮದ್ಯಸಾರವನ್ನು ಅಸಿಟಿಕ್ ಆಮ್ಲವಾಗಿಸುತ್ತವೆ, ಎಂದರೆ ಶೇಂದಿ ವಿನೆಗರ್ ಆಗುತ್ತದೆ. ಕರಾವಳಿಯ ಸೆಕೆಯಲ್ಲಿ ಇದನ್ನು ತಡೆಯುವ ಮನೆಮದ್ದು ಇಲ್ಲ. ನಿಧಾನಗೊಳಿಸುವ ಹಳೆಯ ಉಪಾಯವೆಂದರೆ ಮಡಕೆಯ ಒಳಗೆ ಸುಣ್ಣ ಬಳಿಯುವುದು. ಸುಣ್ಣ ರಸವನ್ನು ಕ್ಷಾರವಾಗಿಸಿ ಯೀಸ್ಟ್ ಬೆಳೆಯದಂತೆ ನೋಡಿಕೊಳ್ಳುತ್ತದೆ. ಹೀಗೆ ಸಿಗುವ ಹುದುಗದ ರಸವೇ ಸಿಹಿ ಶೇಂದಿ ಅಥವಾ ನೀರಾ.

ರುಚಿ

ಶೇಂದಿಯ ರುಚಿಯನ್ನು ವಿವರಿಸುವಾಗ ಮರಕ್ಕಿಂತ ಮೊದಲು ಹೊತ್ತನ್ನು ಹೇಳಬೇಕಾಗುತ್ತದೆ. ರಾತ್ರಿಯಿಡೀ ಮಡಕೆಗೆ ಬಿದ್ದು ಬೆಳಿಗ್ಗೆ ಇಳಿಸಿದ ಶೇಂದಿಯಲ್ಲಿ ಸಿಹಿ ಮುಂದಿರುತ್ತದೆ. ಎಳನೀರನ್ನು ನೆನಪಿಸುವ ತಂಪು, ನಾಲಿಗೆಯ ತುದಿಯಲ್ಲಿ ಸಣ್ಣ ಚುರುಕು, ಹಿಟ್ಟು ಹುಳಿ ಬಂದಾಗಿನಂತಹ ವಾಸನೆ. ಮಧ್ಯಾಹ್ನದ ಹೊತ್ತಿಗೆ ಸಿಹಿ ಮತ್ತು ಹುಳಿ ಸಮನಾಗುತ್ತವೆ, ನೊರೆ ಹೆಚ್ಚುತ್ತದೆ, ಅಮಲು ಸ್ಪಷ್ಟವಾಗುತ್ತದೆ. ಸಂಜೆಗೆ ಹುಳಿ ಗೆಲ್ಲುತ್ತದೆ; ಗಂಟಲಿಗೆ ಒಗರು ತಾಗುತ್ತದೆ. ಮರುದಿನದ್ದು ಅಡುಗೆಮನೆಗೆ ಸಲ್ಲುವಂಥದ್ದು. ತೆಂಗಿನ ಶೇಂದಿ ಮೆದು; ತಾಳೆಯದರಲ್ಲಿ ವಾಸನೆ ಗಾಢ. ಇವೆರಡನ್ನೂ ಬೆರೆಸಿ ಮಾರಿದರೆ ಗುರುತಿಸುವುದು ಹೊಸಬರಿಗೆ ಸುಲಭವಲ್ಲ.

ಒಳ್ಳೆಯ ಶೇಂದಿ ಹಾಲಿನ ಬಿಳುಪಿದ್ದು, ಅಲುಗಾಡಿಸಿದಾಗ ಸಣ್ಣ ಗುಳ್ಳೆಗಳು ಏಳುತ್ತವೆ, ತಳದಲ್ಲಿ ತೆಳುವಾದ ಗಸಿ ಕೂರುತ್ತದೆ. ಅದರ ಅಪ್ಪಟತನಕ್ಕೆ ದೊಡ್ಡ ಸಾಕ್ಷಿ ಅದು ಕೆಡುವುದೇ. ತಂಪುಪೆಟ್ಟಿಗೆಯ ಹೊರಗಿಟ್ಟರೂ ಎರಡನೆಯ ದಿನ ಸಿಹಿಯಾಗಿಯೇ ಉಳಿದ ಶೇಂದಿಗೆ ಸ್ಯಾಕರಿನ್‌ನಂತಹ ಸಿಹಿಕಾರಕ ಸೇರಿರಬಹುದು ಎಂದು ಅನುಮಾನಿಸಲು ಕಾರಣವಿದೆ, ಏಕೆಂದರೆ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ತಿನ್ನುತ್ತವೆ, ಸ್ಯಾಕರಿನ್ ಅನ್ನು ತಿನ್ನುವುದಿಲ್ಲ. ಇದಕ್ಕಿಂತ ಗಂಭೀರವಾದ ಕಲಬೆರಕೆ ಅಮಲಿಗಾಗಿ ಕ್ಲೋರಲ್ ಹೈಡ್ರೇಟ್ ಮತ್ತು ನಿದ್ರಾಜನಕ ಔಷಧಿಗಳನ್ನು ಸೇರಿಸುವುದು. ಮರಗಳು ಕಡಿಮೆಯಾಗಿ ಬೇಡಿಕೆ ಹೆಚ್ಚಿದ ದಕ್ಷಿಣ ಭಾರತದ ಹಲವೆಡೆ ಇದು ಪತ್ತೆಯಾಗಿದೆ. ಇದನ್ನು ನಾಲಿಗೆಯಿಂದ ಕಂಡುಹಿಡಿಯಲಾಗದು, ಪ್ರಯೋಗಾಲಯವೇ ಬೇಕು.

ಬಿಯರ್ ಕಿಟ್‌ನೊಂದಿಗೆ ಹೋಲಿಕೆ

ಪಾಶ್ಚಾತ್ಯ ದೇಶಗಳಲ್ಲಿ ಮನೆಯಲ್ಲೇ ಬಿಯರ್ ತಯಾರಿಸುವ ಹವ್ಯಾಸ ವ್ಯಾಪಕವಾಗಿದೆ. ಬ್ರಿಟನ್ 1963ರಲ್ಲಿ ಇದಕ್ಕಿದ್ದ ಪರವಾನಗಿಯ ಕಟ್ಟನ್ನು ತೆಗೆಯಿತು. ಅಮೆರಿಕದಲ್ಲಿ 1978ರ ಕಾಯಿದೆ ಇದಕ್ಕೆ ದಾರಿ ಮಾಡಿತು. ಹವ್ಯಾಸಿಗಳು ಬಳಸುವ ಕಿಟ್‌ನಲ್ಲಿ ಹಾಪ್ ಹೂವಿನ ಕಹಿ ಬೆರೆಸಿದ ಬಾರ್ಲಿ ಮಾಲ್ಟಿನ ದಪ್ಪ ಪಾಕದ ಡಬ್ಬಿ ಮತ್ತು ಒಣ ಯೀಸ್ಟಿನ ಪೊಟ್ಟಣ ಇರುತ್ತವೆ. ಪಾಕಕ್ಕೆ ಸಕ್ಕರೆ ಮತ್ತು ನೀರು ಸೇರಿಸಿ ಸುಮಾರು 20 ಲೀಟರ್ ಮಾಡಿ, ಮುಚ್ಚಿದ ಬಕೆಟ್ಟಿನಲ್ಲಿ ಒಂದೆರಡು ವಾರ ಹುದುಗಲು ಬಿಟ್ಟು, ಬಾಟಲಿಗೆ ತುಂಬುವಾಗ ಮತ್ತೆ ಚಿಟಿಕೆ ಸಕ್ಕರೆ ಹಾಕಿ ಇನ್ನೂ ಕೆಲವು ವಾರ ಇಡುತ್ತಾರೆ. ಹುದುಗುವಿಕೆ ಮುಗಿಯಿತೇ ಎಂಬುದನ್ನು ಹೈಡ್ರೋಮೀಟರ್ ಎಂಬ ಸಾಂದ್ರತಾಮಾಪಕ ತಿಳಿಸುತ್ತದೆ. ಮುಗಿಯದೆ ಬಾಟಲಿಗೆ ತುಂಬಿದರೆ ಒಳಗಿನ ಅನಿಲದ ಒತ್ತಡಕ್ಕೆ ಗಾಜು ಸಿಡಿಯಬಹುದು.

ಸಾಮಾನ್ಯ ಲಾಗರ್ ಬಿಯರ್‌ಗೆ ಹುದುಗಿಸುವ ಮಾಲ್ಟ್ ರಸದ ಸಾಂದ್ರತೆ ಸುಮಾರು 12 ಭಾಗ ಸಕ್ಕರೆಯ ದ್ರಾವಣಕ್ಕೆ ಸಮ. ತೆಂಗಿನ ರಸದ ಸಿಹಿಯೂ ಹೆಚ್ಚುಕಡಿಮೆ ಅಷ್ಟೇ. ಎರಡರ ಮದ್ಯಸಾರವೂ ಒಂದೇ ಮಟ್ಟದಲ್ಲಿರುವುದಕ್ಕೆ ಇದೇ ಕಾರಣ. ವ್ಯತ್ಯಾಸವಿರುವುದು ಯಾರು ಹುದುಗಿಸುತ್ತಾರೆ ಎಂಬುದರಲ್ಲಿ. ಬಿಯರ್‌ನಲ್ಲಿ ರಸವನ್ನು ಕುದಿಸಿ ಇತರ ಜೀವಿಗಳನ್ನೆಲ್ಲ ಕೊಂದು ಆಯ್ದ ಒಂದೇ ಯೀಸ್ಟಿಗೆ ಎಡೆ ಮಾಡಿಕೊಡಲಾಗುತ್ತದೆ. ಹಾಪ್‌ನ ಕಹಿ ಹುಳಿ ಬ್ಯಾಕ್ಟೀರಿಯಾಗಳನ್ನು ದೂರವಿಡುತ್ತದೆ. ಶೇಂದಿಯಲ್ಲಿ ಬಾಗಿಲು ಎಲ್ಲರಿಗೂ ತೆರೆದಿದೆ. ಹೀಗಾಗಿ ಬಿಯರ್ ತಿಂಗಳುಗಟ್ಟಲೆ ಉಳಿಯುತ್ತದೆ, ಶೇಂದಿ ಒಂದು ಹಗಲು.

ಹವೆಯೂ ಪರಿಣಾಮ ಬೀರುತ್ತದೆ. ಕಿಟ್‌ನ ಯೀಸ್ಟ್ ಬಹುಮಟ್ಟಿಗೆ 18ರಿಂದ 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚೆನ್ನಾಗಿ ಕೆಲಸ ಮಾಡುವಂಥದ್ದು. ಏಪ್ರಿಲ್‌ನಲ್ಲಿ 33 ಡಿಗ್ರಿ ದಾಟುವ ಕುಂದಾಪುರದ ಮನೆಯಲ್ಲಿ ಅದು ಅವಸರದಿಂದ ಹುದುಗಿ, ಬಿಯರ್‌ಗೆ ಅತಿಯಾದ ಹಣ್ಣಿನ ವಾಸನೆಯನ್ನೂ ತಲೆನೋವು ತರುವ ಭಾರದ ಮದ್ಯಸಾರಗಳನ್ನೂ ಸೇರಿಸುತ್ತದೆ. ಮಡಕೆಯ ಯೀಸ್ಟಿಗೆ ಈ ಸೆಕೆ ಹುಟ್ಟೂರಿನದು. ಇದು ಓದುಗರ ತಿಳಿವಳಿಕೆಗಷ್ಟೇ: ಕರ್ನಾಟಕದಲ್ಲಿ ಪರವಾನಗಿಯಿಲ್ಲದೆ ಬಿಯರನ್ನಾಗಲಿ ಶೇಂದಿಯನ್ನಾಗಲಿ ಮನೆಯಲ್ಲಿ ತಯಾರಿಸುವುದು ಅಬಕಾರಿ ಕಾಯಿದೆಯಡಿ ಅಪರಾಧ.

ಅಡುಗೆ ಮತ್ತು ಬೆಲ್ಲ

ಸೋಡಾಪುಡಿ, ಅಂಗಡಿಯ ಯೀಸ್ಟ್ ಬರುವ ಮೊದಲು ಕರಾವಳಿಯಲ್ಲಿ ಹಿಟ್ಟು ಉಬ್ಬಿಸಲು ಶೇಂದಿಯೇ ಸುಲಭದ ಸಾಧನವಾಗಿತ್ತು. ಕೊಂಕಣಿ ಮಾತನಾಡುವ ಕ್ರೈಸ್ತರ ಮನೆಗಳ 'ಸನ್ನ' ಇದರ ಪ್ರಸಿದ್ಧ ಉದಾಹರಣೆ. ಅಕ್ಕಿ ಹಿಟ್ಟಿಗೆ ತಾಜಾ ಶೇಂದಿ ಬೆರೆಸಿ ಉಬ್ಬಿಸಿ ಹಬೆಯಲ್ಲಿ ಬೇಯಿಸಿದ ಸನ್ನ ಇಡ್ಲಿಗಿಂತ ಮೆದು, ನಸುಸಿಹಿ. ಬೇಯುವಾಗ ಮದ್ಯಸಾರದ ಹೆಚ್ಚಿನಂಶ ಆವಿಯಾಗಿ ಹೋಗುತ್ತದೆ. ಹುಳಿಯಾದ ಶೇಂದಿಯ ವಿನೆಗರನ್ನು ಉಪ್ಪಿನಕಾಯಿಗೂ ಮಾಂಸದ ಪದಾರ್ಥಗಳಿಗೂ ಬಳಸುತ್ತಾರೆ.

ಹುದುಗದ ತಾಳೆರಸವನ್ನು ಕಾಯಿಸಿ ಮಾಡುವುದು ಓಲೆಬೆಲ್ಲ. ಕಬ್ಬಿನ ಬೆಲ್ಲಕ್ಕಿಂತ ಕಪ್ಪಾದ, ಹೊಗೆಯ ಪರಿಮಳವಿರುವ ಇದನ್ನು ಮನೆಮದ್ದುಗಳಲ್ಲಿ ವಿಶೇಷವಾಗಿ ಬಯಸುತ್ತಾರೆ. ರಸದಲ್ಲಿ ನೂರಕ್ಕೆ ಎಂಬತ್ತೈದು ಪಾಲು ನೀರೇ ಇರುವುದರಿಂದ ಒಂದು ಕಿಲೋ ಬೆಲ್ಲಕ್ಕೆ ಏಳೆಂಟು ಲೀಟರ್ ರಸ ಮತ್ತು ಗಂಟೆಗಟ್ಟಲೆ ಸೌದೆ ಬೇಕು. ಈಗ ಅದು ವಿರಳವಾಗಿರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಕಸುಬಿನ ಜನ

ಕರಾವಳಿಯಲ್ಲಿ ಮೂರ್ತೆ ಬಹುಕಾಲ ಬಿಲ್ಲವ ಸಮುದಾಯದೊಂದಿಗೆ ಗುರುತಿಸಿಕೊಂಡಿತ್ತು. ಬೈಂದೂರಿನಿಂದ ಉತ್ತರಕ್ಕೆ ಮತ್ತು ಘಟ್ಟದ ಮೇಲೆ ಹಳೆಪೈಕ, ದೀವರು, ಈಡಿಗ ಎಂಬ ಹೆಸರುಗಳು ಬಳಕೆಯಲ್ಲಿವೆ. 1801ರಲ್ಲಿ ಕೆನರಾದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಬಿಲ್ಲವರನ್ನೂ ಅವರ ಈ ಕಸುಬನ್ನೂ ದಾಖಲಿಸಿದ್ದಾನೆ. 1909ರಲ್ಲಿ ಬಂದ ಎಡ್ಗರ್ ಥರ್ಸ್ಟನ್‌ನ ಸಂಪುಟಗಳು ಬಿಲ್ಲವರನ್ನು ತುಳು ಮಾತಿನ, ಹಳೆಪೈಕರನ್ನು ಕನ್ನಡ ಮಾತಿನ ಮೂರ್ತೆದಾರರೆಂದು ವಿಂಗಡಿಸುತ್ತವೆ. ವಸಾಹತು ಕಾಲದ ಇಂತಹ ವರ್ಗೀಕರಣಗಳನ್ನು ಎಚ್ಚರಿಕೆಯಿಂದ ಓದಬೇಕು. ಈ ಸಮುದಾಯಗಳ ಬಹುಪಾಲು ಜನ ಆಗಲೂ ಬೇಸಾಯಗಾರರಾಗಿದ್ದರು. ಕಸುಬಿನ ಹೆಸರಿನಲ್ಲಿ ಇಡೀ ಜಾತಿಯನ್ನು ಕರೆದದ್ದು ಅವರ ಸಾಮಾಜಿಕ ಸ್ಥಾನವನ್ನು ಕೆಳಗಿಡುವ ಉಪಾಯವೂ ಆಗಿತ್ತು.

ಇದೇ ಕಾರಣಕ್ಕೆ ಕಸುಬಿನ ವಿರುದ್ಧದ ಬಲವಾದ ಮಾತು ಒಳಗಿನಿಂದಲೇ ಬಂತು. ಕೇರಳದ ಸಮಾಜ ಸುಧಾರಕ ನಾರಾಯಣ ಗುರುಗಳು ಮದ್ಯವನ್ನು ತಯಾರಿಸಬಾರದು, ಮಾರಬಾರದು, ಕುಡಿಯಬಾರದು ಎಂದು ತಮ್ಮ ಅನುಯಾಯಿಗಳಿಗೆ ಬೋಧಿಸಿದರು. ಅವರು ಪ್ರತಿಷ್ಠೆ ಮಾಡಿದ ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನ 1912ರದ್ದು. ಅದರ ಪ್ರಭಾವ ಕುಂದಾಪುರದವರೆಗೂ ಹರಡಿತು. ಶಾಲೆ, ಸಂಘ, ಮುಂಬಯಿಯ ಹೋಟೆಲು ಮತ್ತು ಗಿರಣಿಗಳ ಕೆಲಸ ಹೊಸ ದಾರಿ ತೋರಿದವು. ಅದೇ ಹೊತ್ತಿಗೆ ಕೆಲವು ದೈವಗಳ ಸೇವೆಯಲ್ಲಿ ಶೇಂದಿ ಅರ್ಪಿಸುವ ರೂಢಿ ಮುಂದುವರಿದೇ ಇತ್ತು. ಈ ಎರಡು ನಿಲುವುಗಳ ನಡುವಿನ ಎಳೆದಾಟ ಇನ್ನೂ ಪೂರ್ತಿ ಮುಗಿದಿಲ್ಲ.

ಕುಡಿಯುವವರ ಕಡೆಯ ಕಥೆ ಬೇರೆಯೇ. ಈಗಿನ ಬ್ರಹ್ಮಾವರ ತಾಲೂಕಿನ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರ 'ಚೋಮನ ದುಡಿ' (1933) ಕಾದಂಬರಿಯಲ್ಲಿ ಭೂಮಿಯಿಲ್ಲದ ದಲಿತ ಜೀತಗಾರನ ಸಾಲ ಮತ್ತು ಕುಡಿತ ಒಂದಕ್ಕೊಂದು ಹೆಣೆದುಕೊಂಡಿವೆ. ಗಡಂಗನ್ನು ಹಳ್ಳಿಯ ಸೊಗಸಿನ ಭಾಗವಾಗಿ ಮಾತ್ರ ಕಾಣುವವರಿಗೆ ಈ ಕೃತಿ ಒಂದು ತಡೆ.

ಕಾನೂನು

ಕುಂದಾಪುರ ಸೀಮೆ 1956ರ ನವೆಂಬರ್ 1ರವರೆಗೆ ಮದ್ರಾಸಿಗೆ ಸೇರಿದ್ದುದರಿಂದ ಇಲ್ಲಿನ ಅಬಕಾರಿಯ ಚರಿತ್ರೆ ಮೈಸೂರಿನದಕ್ಕಿಂತ ಭಿನ್ನ. 1886ರ ಮದ್ರಾಸ್ ಅಬಕಾರಿ ಕಾಯಿದೆಯಡಿ ಮೂರ್ತೆಗೆ ಪರವಾನಗಿ ಬೇಕಿತ್ತು. ಮದ್ರಾಸಿನ ಮರ ತೆರಿಗೆ ಪದ್ಧತಿಯಲ್ಲಿ ರಸ ಇಳಿಸುವ ಪ್ರತಿ ಮರಕ್ಕೂ ತೆರಿಗೆ ಕಟ್ಟಬೇಕಿತ್ತು. ಸ್ವಾತಂತ್ರ್ಯ ಚಳವಳಿ ಶೇಂದಿಯನ್ನು ಈ ಆದಾಯದ ಕಾರಣಕ್ಕೂ ಗುರಿಯಾಗಿಸಿಕೊಂಡಿತು. ಮೈಸೂರು ಸಂಸ್ಥಾನದಲ್ಲಿ 1939ರ ತುರುವನೂರಿನ ಈಚಲು ಮರ ಸತ್ಯಾಗ್ರಹ ಇದರ ಹೆಸರುವಾಸಿ ಘಟನೆ. ಮದ್ರಾಸಿನಲ್ಲಿ ರಾಜಾಜಿ ಸರಕಾರ 1937ರ ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯಿಂದ ಪಾನನಿರೋಧ ಆರಂಭಿಸಿತು. 1948ರ ಅಕ್ಟೋಬರ್ 2ರಿಂದ ಅದು ಇಡೀ ಪ್ರಾಂತಕ್ಕೆ ಅನ್ವಯವಾಯಿತು. ದಕ್ಷಿಣ ಕನ್ನಡದ ಮೂರ್ತೆದಾರರು ಒಂದೇ ಏಟಿಗೆ ಕಾನೂನಿನ ಹೊರಗೆ ನಿಂತರು.

ಮೈಸೂರು ರಾಜ್ಯ 1960ರ ದಶಕದಲ್ಲಿ ನಿರ್ಬಂಧ ಸಡಿಲಿಸಿತು. ಈಗ ಜಾರಿಯಲ್ಲಿರುವುದು 1965ರ ಕರ್ನಾಟಕ ಅಬಕಾರಿ ಕಾಯಿದೆ. ಇದರ ಮೂಲ ವ್ಯಾಖ್ಯೆಯಲ್ಲಿ ತಾಳೆ ಜಾತಿಯ ಮರಗಳ ರಸವು ಹುದುಗಿದ್ದರೂ ಹುದುಗದಿದ್ದರೂ ಶೇಂದಿಯೇ. ರಸಾಯನಶಾಸ್ತ್ರ ಮೂರಾಗಿ ಕಾಣುವುದನ್ನು ಕಾನೂನು ಒಂದಾಗಿ ಕಂಡದ್ದಕ್ಕೆ ಆಡಳಿತದ ಕಾರಣವಿತ್ತು. ಬೆಳಿಗ್ಗೆ ನೀರಾ ಎಂದು ಇಳಿಸಿದ್ದು ಮಧ್ಯಾಹ್ನ ಏನಾಗಿದೆ ಎಂದು ಪ್ರತಿ ಮರದ ಬುಡದಲ್ಲಿ ನಿಂತು ಪರೀಕ್ಷಿಸಲು ಯಾವ ಇಲಾಖೆಗೂ ಆಗದು. ಆದರೆ ಇದರಿಂದ ಮದ್ಯಸಾರವೇ ಇಲ್ಲದ ಪಾನೀಯವನ್ನು ಮಾರುವ ರೈತನೂ ಅಬಕಾರಿ ಅಧಿಕಾರಿಯ ಅನುಮತಿಗೆ ಕಾಯಬೇಕಾಯಿತು. ತೆಂಗಿನ ಬೆಲೆ ಕುಸಿತ ಮತ್ತು ನುಸಿರೋಗದಿಂದ ಕಂಗೆಟ್ಟ ಬೆಳೆಗಾರರ ಒತ್ತಾಯದ ಫಲವಾಗಿ 2010ರ ದಶಕದಲ್ಲಿ ರಾಜ್ಯ ಸರಕಾರ ನೀರಾವನ್ನು ಪ್ರತ್ಯೇಕವಾಗಿ ಗುರುತಿಸಿ ಅವಕಾಶ ಕಲ್ಪಿಸಿತು.

ರಾಜ್ಯದ ಒಳನಾಡಿನಲ್ಲಿ ಶೇಂದಿ ಮಾರಾಟ ನಿಂತು ಬಹುಕಾಲವಾಗಿದೆ. 2007ರ ಜುಲೈ 1ರಿಂದ ಸಾರಾಯಿಯೂ ರಾಜ್ಯವ್ಯಾಪಿಯಾಗಿ ನಿಷೇಧಗೊಂಡಿತು. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಮಾತ್ರ ಮೂರ್ತೆದಾರರ ಸಹಕಾರಿ ಸಂಘಗಳ ಮೂಲಕ ಶೇಂದಿಗೆ ಅವಕಾಶ ಉಳಿದುಬಂದಿದೆ. ಇಂತಹ ಸಂಘಗಳಲ್ಲಿ ಹಲವಕ್ಕೆ ಈಗ ಠೇವಣಿ ಮತ್ತು ಸಾಲದ ವ್ಯವಹಾರವೇ ದೊಡ್ಡದು. ಫಲಕದ ಮೇಲೆ 'ಮೂರ್ತೆದಾರರು' ಎಂದಿದ್ದರೂ ಸದಸ್ಯರಲ್ಲಿ ಮರವೇರುವವರು ಕೆಲವರೇ.

ಕಲ್ಪರಸ

ಹುದುಗುವಿಕೆಯನ್ನು ಸುಣ್ಣವಿಲ್ಲದೆ ತಡೆಯುವ ಯತ್ನ ನಡೆದದ್ದು ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನ ಸಂಸ್ಥೆಯಲ್ಲಿ. 1916ರಲ್ಲಿ ತೆಂಗು ಸಂಶೋಧನ ಕೇಂದ್ರವಾಗಿ ಆರಂಭವಾದ ಈ ಸಂಸ್ಥೆ ಮಂಜುಗಡ್ಡೆ ತುಂಬಿದ ಒಂದು ಶೀತಲ ಪೆಟ್ಟಿಗೆಯನ್ನು ರೂಪಿಸಿತು. ಹೊಂಬಾಳೆಯ ತುದಿಗೆ ನೇರವಾಗಿ ಜೋಡಿಸುವ ಈ ಪೆಟ್ಟಿಗೆಯೊಳಗೆ ರಸ ಬೀಳುತ್ತಲೇ ತಣ್ಣಗಾಗುವುದರಿಂದ ಸೂಕ್ಷ್ಮಜೀವಿಗಳು ಜಡವಾಗುತ್ತವೆ. ಹುಳುಗಳಿಗೂ ಧೂಳಿಗೂ ಪ್ರವೇಶವಿಲ್ಲ. ಹೀಗೆ ಸಿಕ್ಕ ರಸಕ್ಕೆ 'ಕಲ್ಪರಸ' ಎಂದು ಹೆಸರಿಡಲಾಯಿತು. ಅದನ್ನು ಶೀತಲೀಕರಿಸಿಯೇ ಸಾಗಿಸಿ, ಮಾರಬೇಕು. ಉಳಿದದ್ದನ್ನು ಕಾಯಿಸಿ ತೆಂಗಿನ ಸಕ್ಕರೆ ಮಾಡಬಹುದು.

ಕುಂದಾಪುರ ತಾಲೂಕಿನ ಜಪ್ತಿಯಲ್ಲಿ ಉಡುಪಿ ಕಲ್ಪರಸ ಕೋಕನಟ್ ಆ್ಯಂಡ್ ಸ್ಪೈಸಸ್ ಪ್ರೊಡ್ಯೂಸರ್ ಕಂಪನಿ ಎಂಬ ರೈತರ ಸಂಸ್ಥೆ ಈ ವಿಧಾನವನ್ನು ಅಳವಡಿಸಿಕೊಂಡಿದೆ. ತಂತ್ರಜ್ಞಾನ ಸರಳವಾಗಿ ಕಂಡರೂ ಖರ್ಚು ಕಡಿಮೆಯಲ್ಲ. ಪ್ರತಿ ಮರಕ್ಕೂ ಪೆಟ್ಟಿಗೆ, ಪ್ರತಿ ಸರದಿಗೂ ಮಂಜುಗಡ್ಡೆ, ಅಂಗಡಿಯವರೆಗೂ ತಂಪು. ಮಡಕೆಯಲ್ಲಿ ಪುಕ್ಕಟೆಯಾಗಿ ನಡೆಯುವ ಕೆಲಸವನ್ನು ನಿಲ್ಲಿಸಲು ಹಣ ತೆರಬೇಕಾಗುತ್ತದೆ.

ಅಪಾಯಗಳು ಮತ್ತು ಇಂದಿನ ಸ್ಥಿತಿ

ಮೂರ್ತೆಯ ಮೊದಲ ಅಪಾಯ ಬೀಳುವುದು. 15–20 ಮೀಟರ್ ಎತ್ತರದ ಮರಗಳನ್ನು ದಿನಕ್ಕೆರಡು ಬಾರಿ ಏರಿಳಿಯುವವನಿಗೆ ಒಂದು ಜಾರು ಹೆಜ್ಜೆ ಸಾಕು, ಬೆನ್ನುಹುರಿ ಮುರಿಯುತ್ತದೆ. ತೆಂಗು ಅಭಿವೃದ್ಧಿ ಮಂಡಳಿಯ 'ಕೇರ ಸುರಕ್ಷಾ' ವಿಮೆ ತೆಂಗಿನ ಮರವೇರುವವರನ್ನೂ ನೀರಾ ಇಳಿಸುವವರನ್ನೂ ಒಳಗೊಳ್ಳುತ್ತದೆ. ತೆರೆದ ಮಡಕೆಗೆ ಬಾವಲಿಗಳು ಬರುವುದರಿಂದ ಬಾಯಿಗೆ ಬಲೆ ಅಥವಾ ಮುಚ್ಚಳ ಇರಬೇಕು. ಬಾಂಗ್ಲಾದೇಶದಲ್ಲಿ ಹಸಿ ಈಚಲ ರಸ ಕುಡಿದವರಲ್ಲಿ ನಿಪಾ ಸೋಂಕು ಹರಡಿದ್ದು ಹೀಗೆಯೇ. ಇನ್ನು ಮದ್ಯಸಾರ ಕಡಿಮೆಯಿದೆ ಎಂಬ ಕಾರಣಕ್ಕೆ ಶೇಂದಿ ನಿರಪಾಯಕಾರಿ ಎನ್ನಲಾಗದು: ಒಂದು ಲೀಟರ್ ಶೇಂದಿಯಲ್ಲಿರುವ ಮದ್ಯಸಾರ ಅಷ್ಟೇ ಬಿಯರ್‌ನಲ್ಲಿರುವುದಕ್ಕೆ ಸಮ, ಯಕೃತ್ತಿಗೆ ಎರಡರ ನಡುವೆ ಭೇದ ತಿಳಿಯದು. ಕಳ್ಳಭಟ್ಟಿ ದುರಂತಗಳಿಗೆ ಕಾರಣವಾಗುವ ಮೆಥನಾಲ್ ಮಾತ್ರ ಅಪ್ಪಟ ಶೇಂದಿಯ ಸಮಸ್ಯೆಯಲ್ಲ; ಅದು ಅಕ್ರಮ ಮದ್ಯಕ್ಕೆ ಬೆರೆಸುವ ಕೈಗಾರಿಕಾ ರಾಸಾಯನಿಕದ್ದು.

ಹಳೆಯ ಮೂರ್ತೆದಾರರ ಮಕ್ಕಳು ಬಹುತೇಕ ಬೇರೆ ಉದ್ಯೋಗಗಳಲ್ಲಿದ್ದಾರೆ. ಹಾಗಾಗಬೇಕೆಂದೇ ಅವರ ತಂದೆ ತಾಯಿ ದುಡಿದದ್ದೂ ಹೌದು. ನೀರಾ ಘಟಕಗಳು ತರಬೇತಿ ಪಡೆದವರಿಗೆ 'ತಂತ್ರಜ್ಞ' ಎಂಬ ಹೊಸ ಹೆಸರು ಕೊಟ್ಟು, ಜಾತಿಯ ಕಟ್ಟಿಲ್ಲದೆ ಕೆಲಸಕ್ಕೆ ತೆಗೆದುಕೊಳ್ಳುತ್ತವೆ. ಹೊಂಬಾಳೆಯನ್ನು ಎಷ್ಟು ತಟ್ಟಬೇಕು ಎಂಬುದನ್ನು ಮಾತ್ರ ಅವರೂ ಮರದ ಮೇಲೆಯೇ ಕಲಿಯಬೇಕಾಗಿದೆ.